ಬೆರಳು ತುಂಡಾಯ್ತು, ಶ್ರುತಿ ಇಳೀತು: ಬ್ಲ್ಯಾಕ್ ಸಬ್ಬತ್‌ನಿಂದ ಯಾರ್ಯಾರು ಏನೇನು ತಗೊಂಡ್ರು?

ಇವತ್ತಿನ ಎಪಿಸೋಡ್‌ಗೆ ಒಂದು ಸಣ್ಣ ವಿನಂತಿ. ಸಾಧ್ಯವಾದ್ರೆ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಯಾಕಂದ್ರೆ ನಾನು ಹೇಳ್ತಿರೋ ಬ್ಯಾಂಡ್‌ನ ನಿಜವಾದ ಆಸ್ತಿ ಇರೋದು ಕೆಳಗಿನ ಸ್ವರಗಳಲ್ಲಿ. ಫೋನಿನ ಪುಟ್ಟ ಸ್ಪೀಕರ್‌ಗೆ ಆ ಸದ್ದು ಬಗ್ಗೋದೇ ಇಲ್ಲ. ಎಪಿಸೋಡ್ ಮುಗಿದ ಮೇಲೆ ಒಂದಷ್ಟು ಹಾಡು ಕೇಳಿ ಅಂತೀನಿ, ಆಗಲೂ ಬೇಕಾಗುತ್ತೆ.

2025ರ ಜುಲೈ 5. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಬಡಾವಣೆ. ಅಲ್ಲಿನ ವಿಲ್ಲಾ ಪಾರ್ಕ್ ಫುಟ್ಬಾಲ್ ಸ್ಟೇಡಿಯಂನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಬ್ಯಾಂಡ್ ವೇದಿಕೆ ಹತ್ತುತ್ತೆ. ಮಾಸ್ಟಡಾನ್, ಆಂಥ್ರಾಕ್ಸ್, ಆಲಿಸ್ ಇನ್ ಚೈನ್ಸ್, ಗೊಜಿರಾ, ಪ್ಯಾಂಟೆರಾ, ಟೂಲ್, ಸ್ಲೇಯರ್, ಗನ್ಸ್ ಎನ್ ರೋಸಸ್, ಮೆಟಾಲಿಕಾ. ಇವರಲ್ಲಿ ಕೆಲವರು ಒಬ್ಬರೇ ಬಂದ್ರೂ ಸ್ಟೇಡಿಯಂ ತುಂಬುತ್ತೆ. ಅವತ್ತು ಮಾತ್ರ ಇವರೆಲ್ಲ ಬಂದಿದ್ದು ಇನ್ನೊಂದು ಬ್ಯಾಂಡ್‌ಗೆ ಮುನ್ನ ನುಡಿಸೋಕೆ. ಕೊನೆಗೆ ವೇದಿಕೆಗೆ ಬಂದವರು ಆ ಬಡಾವಣೆಯ ಸುತ್ತಮುತ್ತಲೇ ಬೆಳೆದ ನಾಲ್ಕು ಜನ: ಟೋನಿ ಅಯೋಮಿ, ಗೀಝರ್ ಬಟ್ಲರ್, ಬಿಲ್ ವಾರ್ಡ್, ಆಝಿ ಆಸ್ಬೋರ್ನ್. ಬ್ಲ್ಯಾಕ್ ಸಬ್ಬತ್. ಈ ನಾಲ್ವರೂ ಒಟ್ಟಿಗೆ ನುಡಿಸಿ 20 ವರ್ಷ ಆಗಿತ್ತು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲೋಕೆ ಆಗದ ಆಝಿ ಕೂತೇ ಹಾಡಿದರು. ಅದಾಗಿ 17 ದಿನಕ್ಕೆ, ಜುಲೈ 22ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವತ್ತಿಂದ ನನ್ನ ತಲೇಲಿ ಒಂದೇ ಪ್ರಶ್ನೆ. "ಪ್ರಭಾವ" ಅಂತ ಸುಲಭವಾಗಿ ಹೇಳಿಬಿಡ್ತೀವಲ್ಲ, ಅದು ಏನು? ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು ನಿಜವಾಗಿ ಯಾವ ವಸ್ತು? ನಾನು ಓದಿದ್ದು ಬಿ.ಕಾಂ. ಯಾರು ಕೊಟ್ರು, ಯಾರು ತಗೊಂಡ್ರು, ಯಾವ ಲೆಕ್ಕಕ್ಕೆ ಬರೀಬೇಕು ಅನ್ನೋದು ತಲೆಗೆ ಬಂದುಬಿಡುತ್ತೆ. ಹಾಗಾಗಿ ಇವತ್ತು ಬ್ಲ್ಯಾಕ್ ಸಬ್ಬತ್‌ನ ಖಾತೆ ಪುಸ್ತಕ ತೆಗೆಯೋಣ.

ಇದಕ್ಕೆ ಇನ್ನೊಂದು ಕಾರಣನೂ ಇದೆ. ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ, ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದಾರೆ, ಕನ್ನಡದಲ್ಲೇ ಸ್ವಂತ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕಿದ್ರಂತೆ. ಮೊದಲ ದಿನವೇ ಯಾರೋ "ಇದು ಸಬ್ಬತ್ ಕಾಪಿ" ಅಂತ ಬರೆದ್ರು, ಅದಕ್ಕೆ ನೂರಾರು ಲೈಕ್ ಬಿತ್ತು. ಇವರು ಹಾಡನ್ನೇ ತೆಗೆದುಹಾಕಿದ್ರು. "ಅಣ್ಣಾ, ನಾವು ಕದ್ದಿದ್ದೀವಾ? ನಮಗೇ ಗೊತ್ತಾಗ್ತಿಲ್ಲ" ಅಂತ ಕೇಳಿದ್ದಾನೆ. ತಮ್ಮಾ, ಉತ್ತರ ಹೇಳ್ತೀನಿ. ಆದ್ರೆ ಮೊದಲು ಒಂದು ಕಾರ್ಖಾನೆಗೆ ಹೋಗಿ ಬರಬೇಕು.

ಕೆಲಸದ ಕೊನೇ ದಿನ

1965. ಟೋನಿ ಅಯೋಮಿಗೆ 17 ವರ್ಷ. ಬರ್ಮಿಂಗ್‌ಹ್ಯಾಮ್‌ನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಒಂದು ಬ್ಯಾಂಡ್ ಜೊತೆ ಜರ್ಮನಿಗೆ ಹೋಗೋ ಅವಕಾಶ ಸಿಕ್ಕಿದ್ದರಿಂದ ಕೆಲಸ ಬಿಟ್ಟಾಗಿತ್ತು. ಅವತ್ತೇ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲ್ಲ ಅಂದ. ಒಪ್ಪಿಕೊಂಡ ಕೆಲಸ ಪೂರ್ತಿ ಮಾಡಿ ಬಾ ಅಂತ ಅಮ್ಮ ವಾಪಸ್ ಕಳಿಸಿದರು. ಪ್ರೆಸ್ ಮಷಿನ್‌ನಲ್ಲಿ ಇರಬೇಕಾದವರು ಅವತ್ತು ಬಂದಿರಲಿಲ್ಲ. ರೂಢಿ ಇಲ್ಲದ ಆ ಮಷಿನ್‌ಗೆ ಇವನನ್ನ ನಿಲ್ಲಿಸಿದರು. ಬಲಗೈಯ ಮಧ್ಯದ ಬೆರಳು, ಉಂಗುರ ಬೆರಳು, ಎರಡರ ತುದಿಯೂ ಹೋಯ್ತು.

ಅಯೋಮಿ ಎಡಗೈಯವನು. ಅಂದ್ರೆ ತಂತಿ ಮೀಟೋದು ಎಡಗೈ, ಸ್ವರ ಒತ್ತಿ ಹಿಡಿಯೋದು ಬಲಗೈ. ಹೋಗಿದ್ದು ಬೇಕಾದ ಕೈಯೇ.

ಆಸ್ಪತ್ರೆಯವರು ಇನ್ನು ಗಿಟಾರ್ ಮರೆತುಬಿಡು ಅಂದ್ರು. ಆಗ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಜ್ಯಾಂಗೋ ರೈನ್‌ಹಾರ್ಟ್ ಅನ್ನೋ ಗಿಟಾರ್ ವಾದಕನದ್ದು. 1928ರಲ್ಲಿ ಬೆಂಕಿ ಅನಾಹುತದಲ್ಲಿ ಜ್ಯಾಂಗೋ ಎಡಗೈಯ ಎರಡು ಬೆರಳು ಸ್ವಾಧೀನ ಕಳೆದುಕೊಂಡಿದ್ದವು. ಉಳಿದ ಬೆರಳುಗಳಲ್ಲೇ ಆತ ಯುರೋಪಿನ ಜಾಝ್ ದಿಗ್ಗಜನಾದ. ಗಮನಿಸಿ, ಪ್ರಭಾವದ ಕಥೆ ಇಲ್ಲೇ ಶುರುವಾಗಿದೆ. ಅಯೋಮಿ ಜ್ಯಾಂಗೋನ ಒಂದು ರಾಗವನ್ನೂ ಎತ್ತಿಕೊಳ್ಳಲಿಲ್ಲ. ಸಬ್ಬತ್ ಹಾಡುಗಳಿಗೂ ಜ್ಯಾಂಗೋ ಸಂಗೀತಕ್ಕೂ ಸಂಬಂಧವೇ ಕಾಣಿಸಲ್ಲ. ಆತ ತಗೊಂಡಿದ್ದು ಒಂದೇ ಮಾತು: ಆಗುತ್ತೆ.

ಆಮೇಲೆ ಮನೆಯಲ್ಲೇ ಪ್ರಯೋಗ. ಪಾತ್ರೆ ತೊಳೆಯೋ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ, ಉಂಡೆ ಮಾಡಿ, ಬಿಸಿ ಕಬ್ಬಿಣದಿಂದ ತೂತು ಕೊರೆದು ಬೆರಳಿಗೆ ಟೋಪಿ ಮಾಡಿಕೊಂಡ. ತಂತಿ ಜಾರದ ಹಾಗೆ ಹಳೇ ಜಾಕೆಟ್‌ನ ಚರ್ಮ ಅಂಟಿಸಿದ. ಆದರೂ ದಪ್ಪ ತಂತಿ ಒತ್ತಿದರೆ ಪ್ರಾಣ ಹೋಗೋ ನೋವು. ತೆಳು ತಂತಿಯ ಸೆಟ್ ಆಗ ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗ್ತಿರಲಿಲ್ಲ, ಹಾಗಾಗಿ ಬ್ಯಾಂಜೋ ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ಇಳಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಗಿಟಾರ್ ಮಾಮೂಲಿಗಿಂತ ಮೂರು ಸೆಮಿಟೋನ್ ಕೆಳಗಿದೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಎರಡೂ ಎಣಿಸಿಕೊಂಡು ಮೂರು ಮನೆ ಎಡಕ್ಕೆ ಸರಿದ ಹಾಗೆ. ಶ್ರುತಿ ಇಳಿದರೆ ತಂತಿಯ ಬಿಗಿ ಕಮ್ಮಿ, ಬೆರಳಿಗೆ ಆರಾಮ. ಸದ್ದು ಭಾರ, ಗಾಢ.

ಇವತ್ತು ಮೆಟಲ್ ಅಂದ್ರೆ ಕೇಳಿಸೋ ಆ "ಭಾರ" ಇದೆಯಲ್ಲ, ಅದು ಒಂದು ಗಾಯಕ್ಕೆ ಮಾಡಿಕೊಂಡ ಅಡ್ಜಸ್ಟ್‌ಮೆಂಟ್.

ಒಂದೇ ದಿನದ ಆಲ್ಬಮ್

ಈ ನಾಲ್ವರ ಹಿನ್ನೆಲೆ ನೋಡಿ. ಆಝಿ ಕಸಾಯಿಖಾನೆಯಲ್ಲಿ ಕೆಲಸ ಮಾಡಿದವನು. ಬಟ್ಲರ್ ಅಕೌಂಟ್ಸ್ ಟ್ರೇನಿ, ಅಂದ್ರೆ ನಮ್ಮ ಕಾಮರ್ಸ್ ಕಡೆಯವನೇ! ಮೊದಮೊದಲ ಆಲ್ಬಮ್‌ಗಳ ಸಾಹಿತ್ಯ ಹೆಚ್ಚುಕಮ್ಮಿ ಆತನದ್ದೇ. ಹೂವು, ಪ್ರೀತಿ, ಶಾಂತಿ ಅಂತ ಹಾಡುಗಳು ಬರ್ತಿದ್ದ ಕಾಲದಲ್ಲಿ ಇವರ ಸುತ್ತ ಇದ್ದಿದ್ದು ಯುದ್ಧದಲ್ಲಿ ಬಾಂಬ್ ಬಿದ್ದ ಜಾಗಗಳು, ಕಾರ್ಖಾನೆಯ ಹೊಗೆ. ಹಾಡೂ ಹಾಗೇ ಬಂತು.

ಮೊದಲ ಆಲ್ಬಮ್ ರೆಕಾರ್ಡ್ ಆಗಿದ್ದು ಒಂದೇ ದಿನದಲ್ಲಿ. ಬಿಡುಗಡೆ 1970ರ ಫೆಬ್ರವರಿ 13, ಶುಕ್ರವಾರ. ಬ್ಯಾಂಡ್‌ನ ಹೆಸರೇ ಮೊದಲ ಹಾಡಿನ ಹೆಸರೂ. ಅದರ ರಿಫ್, ಅಂದ್ರೆ ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರೋ ಆ ಪುಟ್ಟ ಸ್ವರಗುಚ್ಛ, ಮೂರೇ ಸ್ವರ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಸಂಗೀತ ಕಲಿತವರು ಹಾಡಿ ನೋಡಿ. ಕಲ್ಯಾಣಿಯಲ್ಲಿ ಇದೇ ಪ್ರತಿ ಮಧ್ಯಮ ಎಷ್ಟು ಬೆಳಕಾಗಿ ಕೇಳಿಸುತ್ತೆ! ಯಾಕಂದ್ರೆ ಅಕ್ಕಪಕ್ಕ ಗಾಂಧಾರ, ಪಂಚಮ ಕೈ ಹಿಡಿದಿರ್ತವೆ. ಇಲ್ಲಿ ಯಾರೂ ಇಲ್ಲ. ಖಾಲಿ ಬೀದಿಯಲ್ಲಿ ಒಂಟಿಯಾಗಿ ನಿಂತಿರೋ ಪ್ರತಿ ಮಧ್ಯಮ. ಅದಕ್ಕೇ ಬೆನ್ನಹುರಿ ತಣ್ಣಗಾಗುತ್ತೆ.

ಇದೂ ಆಕಾಶದಿಂದ ಬಿದ್ದಿದ್ದಲ್ಲ. ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್ ಅನ್ನೋ ಇಂಗ್ಲಿಷ್ ಸಂಯೋಜಕನ 'ದಿ ಪ್ಲಾನೆಟ್ಸ್' ಕೃತಿಯ ಮಂಗಳ ಗ್ರಹದ ಭಾಗ ಅಂದ್ರೆ ಇಷ್ಟ. ಅದನ್ನ ಬಾಸ್ ಗಿಟಾರ್‌ನಲ್ಲಿ ನುಡಿಸ್ತಾ ಇದ್ದಿದ್ದೇ ಈ ರಿಫ್‌ಗೆ ದಾರಿ ಮಾಡ್ತು. ಬ್ಯಾಂಡ್‌ನ ಹೆಸರು ಬಂದಿದ್ದು ಬೋರಿಸ್ ಕಾರ್ಲಾಫ್ ನಟಿಸಿದ 1963ರ ಹಾರರ್ ಸಿನಿಮಾದಿಂದ. ಆಝಿ ಹಾಡುಗಾರ ಆಗಬೇಕು ಅಂದುಕೊಂಡಿದ್ದು ಬೀಟಲ್ಸ್ ಕೇಳಿ. ಅಂದ್ರೆ ಸಬ್ಬತ್‌ನ ಪುಸ್ತಕದಲ್ಲೂ "ಕೊಡಬೇಕಾದ ಬಾಕಿ" ಕಾಲಂ ತುಂಬಿಯೇ ಇದೆ.

ಆಗಿನ ವಿಮರ್ಶಕರು, ರೋಲಿಂಗ್ ಸ್ಟೋನ್ ಪತ್ರಿಕೆಯೂ ಸೇರಿ, ಈ ಆಲ್ಬಮ್ಮನ್ನ ತೆಗೆದು ಬಿಸಾಡಿದ್ರು. ಕ್ರೀಮ್ ಅನ್ನೋ ಬ್ಯಾಂಡ್‌ನ ಕಳಪೆ ನಕಲು ಅನ್ನೋ ಧಾಟಿ. ತಮ್ಮಾ, ಕೇಳಿಸ್ತಾ? ಮೆಟಲ್‌ನ ಮೂಲಪುರುಷರಿಗೂ ಮೊದಲ ದಿನ ಬಿದ್ದ ಪೆಟ್ಟು "ಕಾಪಿ" ಅಂತಲೇ.

ತಗೊಂಡವರ ಪಟ್ಟಿ

ಈಗ ಎದುರು ಪುಟ. ಸಬ್ಬತ್‌ನಿಂದ ತಗೊಂಡವರನ್ನ ಮೂರು ಗುಂಪು ಮಾಡ್ತೀನಿ.

ಮೊದಲ ಗುಂಪು, ಹಾಡನ್ನೇ ಹಾಡಿದವರು. ಕವರ್ ಮಾಡಿದವರು. 1994ರಲ್ಲಿ 'ನೇಟಿವಿಟಿ ಇನ್ ಬ್ಲ್ಯಾಕ್' ಅಂತ ಒಂದು ಆಲ್ಬಮ್ ಬಂತು. ಬೇರೆ ಬೇರೆ ಬ್ಯಾಂಡ್‌ಗಳು ಸಬ್ಬತ್ ಹಾಡು ನುಡಿಸಿದ್ವು. ಬ್ರೆಜಿಲ್‌ನ ಸೆಪುಲ್ಟುರಾ, ಅಮೆರಿಕದ ಮೆಗಾಡೆತ್, ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್‌ಸನ್, ಎಲ್ಲರೂ ಇದ್ದಾರೆ. ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಮೆಟಲ್‌ಗೆ ಸಂಬಂಧವೇ ಇಲ್ಲದ ಒಬ್ಬ ಮನುಷ್ಯ.

ಚಾರ್ಲ್ಸ್ ಬ್ರಾಡ್ಲಿ. ಅಮೆರಿಕದ ಕಪ್ಪು ಸೋಲ್ ಗಾಯಕ. ಜೀವನದ ಬಹುಪಾಲು ಸಿಕ್ಕಿದ ಕೆಲಸ ಮಾಡ್ತಾ, ರಾತ್ರಿ ಕ್ಲಬ್‌ಗಳಲ್ಲಿ ಜೇಮ್ಸ್ ಬ್ರೌನ್ ವೇಷ ಹಾಕಿ ಹಾಡ್ತಾ ಇದ್ದವರು. ಸ್ವಂತ ಆಲ್ಬಮ್ ಬಂದಾಗ 60 ದಾಟಿತ್ತು. 1972ರ 'ಚೇಂಜಸ್' ಸಬ್ಬತ್‌ನ ಅಪರೂಪದ ಮೆಲ್ಲನೆಯ ಹಾಡು, ಪಿಯಾನೋ ಇಟ್ಟುಕೊಂಡು ಮಾಡಿದ್ದು. ಡ್ರಮ್ಮರ್ ಬಿಲ್ ವಾರ್ಡ್‌ನ ಸಂಸಾರ ಮುರಿದ ನೋವಿನ ಹಾಡು. ಬ್ರಾಡ್ಲಿ ಅದನ್ನ ತೀರಿಹೋದ ತನ್ನ ತಾಯಿಯನ್ನ ನೆನೆದು ಹಾಡಿದರು. ಶಬ್ದ ಹೆಚ್ಚುಕಮ್ಮಿ ಅವೇ. ಗಂಡನ ನೋವು ಮಗನ ನೋವಾಯ್ತು. ನೆಟ್‌ಫ್ಲಿಕ್ಸ್‌ನಲ್ಲಿ 'ಬಿಗ್ ಮೌತ್' ನೋಡಿದ್ದೀರಾ? ಅದರ ಟೈಟಲ್ ಹಾಡು ಬ್ರಾಡ್ಲಿಯದ್ದೇ. ಎಷ್ಟೋ ಜನಕ್ಕೆ ಅದು ಸಬ್ಬತ್ ಹಾಡು ಅಂತ ಇವತ್ತಿಗೂ ಗೊತ್ತಿಲ್ಲ.

ಎರಡನೇ ಗುಂಪು, ಹಾಡಿನ ತುಂಡು ತಗೊಂಡವರು. ಸ್ಯಾಂಪಲ್ ಮಾಡಿದವರು. 1986ರಲ್ಲಿ ಬೀಸ್ಟಿ ಬಾಯ್ಸ್‌ನ ಮೊದಲ ಆಲ್ಬಮ್ ಶುರುವಾಗೋದೇ ಲೆಡ್ ಝೆಪ್ಪೆಲಿನ್‌ನ ಡ್ರಮ್ ಮೇಲೆ ಸಬ್ಬತ್‌ನ 'ಸ್ವೀಟ್ ಲೀಫ್' ರಿಫ್ ಕೂರಿಸಿದ ಹಾಡಿನಿಂದ. 1991ರಲ್ಲಿ ಐಸ್-ಟಿ ತನ್ನ 'ಮಿಡ್‌ನೈಟ್' ರ‍್ಯಾಪ್‌ಗೆ ನಾನು ಆಗ ಹೇಳಿದ ಆ ಒಂಟಿ ಪ್ರತಿ ಮಧ್ಯಮದ ರಿಫ್ ಎತ್ತಿಕೊಂಡ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಹುಡುಗರ ಭಯ ಲಾಸ್ ಏಂಜಲಿಸ್‌ನ ಬೀದಿಯ ಭಯಕ್ಕೆ ಸರಿಯಾಗಿ ಹೊಂದಿಕೊಳ್ತು. ಇಲ್ಲೊಂದು ತಮಾಷೆ ಇದೆ. ಬೀಸ್ಟಿ ಬಾಯ್ಸ್‌ನ ಆ ಆಲ್ಬಮ್ ನಿರ್ಮಿಸಿದ ರಿಕ್ ರೂಬಿನ್ 2013ರಲ್ಲಿ ಸಬ್ಬತ್‌ನ '13' ಆಲ್ಬಮ್ಮನ್ನೂ ನಿರ್ಮಿಸಿದರು. ಅದು ಸಬ್ಬತ್‌ಗೆ ಅಮೆರಿಕದಲ್ಲಿ ಸಿಕ್ಕ ಮೊದಲ ನಂಬರ್ ಒನ್. ತುಂಡು ತಗೊಂಡು ಹೋದವರೇ ವಾಪಸ್ ಬಂದು ಇಡೀ ಆಲ್ಬಮ್ ಮಾಡಿಕೊಟ್ರು.

ಮೂರನೇ ಗುಂಪು, ಹಾಡನ್ನೂ ತುಂಡನ್ನೂ ಮುಟ್ಟದೆ ಬರೀ ರೀತಿಯನ್ನ ತಗೊಂಡವರು. ಇದೇ ಎಲ್ಲಕ್ಕಿಂತ ದೊಡ್ಡ ಗುಂಪು. ಸಬ್ಬತ್‌ನ ವೇಗ ತಗೊಂಡವರು ಥ್ರ್ಯಾಶ್ ಮಾಡಿದ್ರು. 1975ರ 'ಸಿಂಪ್ಟಮ್ ಆಫ್ ದಿ ಯೂನಿವರ್ಸ್' ಕೇಳಿ, ಆಮೇಲೆ 80ರ ದಶಕದ ಮೆಟಾಲಿಕಾ ಕೇಳಿ, ಗೊತ್ತಾಗುತ್ತೆ. ನಿಧಾನ ತಗೊಂಡವರು ಡೂಮ್ ಮಾಡಿದ್ರು. ಕ್ಯಾಲಿಫೋರ್ನಿಯಾದ ಸ್ಲೀಪ್ ಅನ್ನೋ ಬ್ಯಾಂಡ್ ಆ ನಿಧಾನವನ್ನ ಎಷ್ಟು ಎಳೀತು ಅಂದ್ರೆ, ಅವರ 'ಡೋಪ್‌ಸ್ಮೋಕರ್' ಒಂದೇ ಹಾಡು, 63 ನಿಮಿಷ. ಭಾರ ಮತ್ತು ಮಂಕು ತಗೊಂಡವರು ಸಿಯಾಟಲ್‌ನಲ್ಲಿ ಸೌಂಡ್‌ಗಾರ್ಡನ್, ಆಲಿಸ್ ಇನ್ ಚೈನ್ಸ್ ಆದ್ರು. ಒಂದೇ ಬಾವಿ, ಒಬ್ಬೊಬ್ಬರ ಬಿಂದಿಗೆ ಒಂದೊಂದು ಆಕಾರ.

ನಮ್ಮೂರಿಗೂ ಈ ನೀರು ಬಂದಿದೆ. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾಗಿ ಇವತ್ತಿಗೂ ಹೆವಿ ಮೆಟಲ್ ನುಡಿಸ್ತಿರೋ ಬ್ಯಾಂಡ್. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಭಾರತದಲ್ಲಿ ಮೊದಲ ಸಲ ನುಡಿಸಿದ್ದೂ ಅಲ್ಲೇ. ಅವತ್ತು ಆ ಮೈದಾನದಲ್ಲಿ ತಲೆ ಕುಣಿಸಿದ ಎಷ್ಟೋ ಹುಡುಗ ಹುಡುಗಿಯರಿಗೆ ಅಯೋಮಿ ಹೆಸರು ಗೊತ್ತಿರಲಿಕ್ಕಿಲ್ಲ. ಆದ್ರೆ ಅವರ ಎದೆಗೆ ಬಡಿದ ಆ ಸದ್ದಿನ ಹಿಂದೆ ಒಂದು ಕರಗಿಸಿದ ಪ್ಲಾಸ್ಟಿಕ್ ಬಾಟ್ಲಿ ಇತ್ತು.

ದುಡ್ಡು ಯಾರಿಗೆ?

ಈಗ ಲೆಕ್ಕಕ್ಕೆ ಬರೋಣ. ಮೊದಲ ಗುಂಪಿನವರು ಕವರ್ ಮಾಡಿದರೆ ಹಾಡು ಬರೆದವರಿಗೆ ರಾಯಲ್ಟಿ ಹೋಗುತ್ತೆ. ಸಬ್ಬತ್‌ನ ಆರಂಭದ ಹಾಡುಗಳಲ್ಲಿ ನಾಲ್ಕೂ ಜನರ ಹೆಸರು ಇದೆ. ರಿಫ್ ಹೊಳೆದಿದ್ದು ಒಬ್ಬನಿಗೆ, ಸಾಹಿತ್ಯ ಬರೆದಿದ್ದು ಇನ್ನೊಬ್ಬ, ಆದ್ರೆ ಹೆಸರು ನಾಲ್ವರದ್ದು. ಬ್ಯಾಂಡ್ ಕಟ್ಟೋ ಹುಡುಗರು ಇದನ್ನ ಗಮನಿಸಿ. ಹಾಡಿಗೆ ಯಾರ್ಯಾರ ಹೆಸರು ಅಂತ ಮೊದಲೇ ಕೂತು ಬರೆದಿಟ್ಟುಕೊಳ್ಳಿ. ಸ್ನೇಹ ಚೆನ್ನಾಗಿದ್ದಾಗಲೇ ಬರೀಬೇಕು.

ಎರಡನೇ ಗುಂಪಿನವರು ಎರಡು ಕಡೆ ಅನುಮತಿ ಕೇಳಬೇಕು. ಹಾಡಿನ ಹಕ್ಕು ಒಂದು, ಆ ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಎರಡೂ ಒಬ್ಬರದ್ದೇ ಆಗಿರಬೇಕು ಅಂತೇನಿಲ್ಲ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 31ಸಿ ಪ್ರಕಾರ, ಒಂದು ಹಾಡು ಮೊದಲ ಸಲ ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಮುಂಚಿತವಾಗಿ ತಿಳಿಸಿ, ರಾಯಲ್ಟಿ ಕಟ್ಟಿ ಕವರ್ ಮಾಡೋಕೆ ದಾರಿ ಇದೆ. ಬೇರೆಯವರ ರೆಕಾರ್ಡಿಂಗನ್ನೇ ಕತ್ತರಿಸಿ ಹಾಕ್ಕೊಳ್ಳೋಕೆ ಈ ದಾರಿ ನಡೆಯಲ್ಲ.

ಮೂರನೇ ಗುಂಪು? ಒಂದು ಪೈಸೆನೂ ಕೊಡಬೇಕಿಲ್ಲ. ಶ್ರುತಿ ಇಳಿಸೋದಕ್ಕೆ ಪೇಟೆಂಟ್ ಇಲ್ಲ. ನಿಧಾನಕ್ಕೆ ರಾಯಲ್ಟಿ ಇಲ್ಲ. ಮಂಕು ಮನಸ್ಸಿಗೆ ಕಾಪಿರೈಟ್ ಇಲ್ಲ. ಕಾನೂನು ಕಾಯೋದು ನಿರ್ದಿಷ್ಟ ಹಾಡನ್ನ, ಶೈಲಿಯನ್ನಲ್ಲ.

ಬಿ.ಕಾಂ ಮಾಡಿದವರಿಗೆ ನೆನಪಿರುತ್ತೆ, ಗುಡ್‌ವಿಲ್ ಅನ್ನೋ ಪಾಠ. ಒಂದು ಅಂಗಡಿ ಕೊಂಡುಕೊಂಡಾಗ ಅದರ ಹೆಸರಿಗೆ ಅಂತ ಹೆಚ್ಚಿಗೆ ಕೊಟ್ಟ ದುಡ್ಡನ್ನ ಪುಸ್ತಕದಲ್ಲಿ ಬರೀತೀವಿ. ತಾನೇ ವರ್ಷಗಟ್ಟಲೆ ದುಡಿದು ಸಂಪಾದಿಸಿದ ಹೆಸರನ್ನ ಮಾತ್ರ ಬ್ಯಾಲೆನ್ಸ್ ಶೀಟ್‌ನಲ್ಲಿ ತೋರಿಸೋ ಹಾಗಿಲ್ಲ. ಸಬ್ಬತ್ ಜಗತ್ತಿಗೆ ಕೊಟ್ಟಿದ್ದರಲ್ಲಿ ಬಹುಪಾಲು ಈ ಥರದ್ದು. ಯಾವ ಖಾತೆಯಲ್ಲೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಆ ಸಂಜೆ ಅಷ್ಟು ದೊಡ್ಡ ಬ್ಯಾಂಡ್‌ಗಳು ಬಂದು ಸಬ್ಬತ್ ಹಾಡು ನುಡಿಸಿದ್ದನ್ನ ನಾನು ಹೀಗೇ ನೋಡ್ತೀನಿ: ಪುಸ್ತಕದಲ್ಲಿ ಇಲ್ಲದ ಸಾಲ ತೀರಿಸೋಕೆ ಬಂದವರು. ಸಂಗ್ರಹವಾದ ಹಣವೂ ಪಾರ್ಕಿನ್ಸನ್ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಗೆ, ಗುಣವಾಗದ ಕಾಯಿಲೆಯ ಮಕ್ಕಳನ್ನ ನೋಡಿಕೊಳ್ಳೋ ಸಂಸ್ಥೆಗೆ ಅಂತಲೇ ಇತ್ತು.

ತಮ್ಮಾ, ಈಗ ನಿನ್ನ ಪ್ರಶ್ನೆ. ನೀನು ಕಳಿಸಿದ ಹಾಡು ಎರಡು ಸಲ ಕೇಳಿದೆ. ಗಿಟಾರ್ ಶ್ರುತಿ ಇಳಿಸಿದ್ದೀರಿ, ಗತಿ ನಿಧಾನ, ಸಾಹಿತ್ಯ ನಿಮ್ಮ ಹಾಸ್ಟೆಲ್ ರಾತ್ರಿಗಳದ್ದು. ರಿಫ್‌ನ ಸ್ವರಗಳನ್ನ ಕೂತು ಬಿಡಿಸಿದೆ. ನನಗೆ ಗೊತ್ತಿರೋ ಯಾವ ಸಬ್ಬತ್ ಹಾಡಿನ ಸ್ವರಗಳೂ ಅವಲ್ಲ. ನೀವು ಮೂರನೇ ಗುಂಪಿನವರು. ಹಾಡು ವಾಪಸ್ ಹಾಕಿ. ಕೆಳಗೆ ಒಂದು ಸಾಲು ಬರೀರಿ, ಈ ಸದ್ದು ನಾವು ಕಲಿತಿದ್ದು ಇಂಥವರಿಂದ ಅಂತ. ಕಾನೂನು ಕೇಳಲ್ಲ, ಆದ್ರೂ ಬರೀರಿ. ಯಾರಾದ್ರೂ ಒಬ್ಬ ಹುಡುಗಿ ಆ ಸಾಲು ಓದಿ ಹಿಂದಕ್ಕೆ ಹೋಗಿ ಸಬ್ಬತ್ ಕೇಳ್ತಾಳೆ, ಅಲ್ಲಿಂದ ಜ್ಯಾಂಗೋವರೆಗೂ ಹೋಗ್ತಾಳೆ. ಮತ್ತೆ ಒಂದು ಮಾತು, ಮುಂದಿನ ಹಾಡಿಗೆ ಅವರಲ್ಲಿ ಇಲ್ಲದ, ನಿಮ್ಮಲ್ಲಿ ಮಾತ್ರ ಇರೋ ಒಂದು ವಸ್ತು ಹುಡುಕಿ. ಅಯೋಮಿಗೆ ಅದು ಗಾಯದಿಂದ ಬಂತು. ನಿಮಗೆ ಅಷ್ಟು ಕಷ್ಟ ಬರೋದು ಬೇಡ. ಊರು, ಭಾಷೆ, ಅಜ್ಜಿ ಹಾಡ್ತಿದ್ದ ಸೋಬಾನೆ, ಯಾವುದಾದ್ರೂ ಆಗಬಹುದು.

ಕೊನೆಗೆ ಎಲ್ಲರಿಗೂ ಹೋಮ್‌ವರ್ಕ್. ಐದು ಹಾಡು, ಇದೇ ಕ್ರಮದಲ್ಲಿ ಕೇಳಿ. ಮೊದಲು ಹೋಲ್ಸ್ಟ್‌ನ ಮಂಗಳ ಗ್ರಹದ ಭಾಗ. ಆಮೇಲೆ ಸಬ್ಬತ್‌ನ 'ಬ್ಲ್ಯಾಕ್ ಸಬ್ಬತ್'. ಮೂರನೆಯದು ಐಸ್-ಟಿಯ 'ಮಿಡ್‌ನೈಟ್'. ನಾಲ್ಕು, ಸಬ್ಬತ್‌ನ 'ಚೇಂಜಸ್'. ಐದು, ಚಾರ್ಲ್ಸ್ ಬ್ರಾಡ್ಲಿಯ 'ಚೇಂಜಸ್'. ಕೊನೆಯದನ್ನ ಬಸ್ಸಲ್ಲಿ ಕೇಳೋರು ಕಿಟಕಿ ಪಕ್ಕ ಕೂತ್ಕೊಳ್ಳಿ, ಕಣ್ಣು ಒರೆಸಿಕೊಳ್ಳೋಕೆ ಅನುಕೂಲ.

ಕೇಳಿದ ಮೇಲೆ ವಾಯ್ಸ್ ಮೆಸೇಜ್ ಕಳಿಸಿ, ನಿಮಗೆ ಯಾವ ಹಾಡಿನ ಹಿಂದೆ ಇನ್ಯಾವ ಹಾಡು ಸಿಕ್ತು ಅಂತ. ಮುಂದಿನ ವಾರ ಸಿಗ್ತೀನಿ.